ಹೊಸ್ತಿಲಲ್ಲಿ ಬಾಯಿಗೆ ಬಂದ ಹೆಸರು

ಸುನಂದಾ ಸಿಂದಗಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಕಥೆ ಬರೆಯುವವಳು, ಮೊನ್ನೆ ಮೊನ್ನೆ ಬಹುಮಾನ ಹೊಡೆದವಳು. ಇಷ್ಟಿದ್ದೂ ಆ ಕಥೆ ಅಚ್ಚಾದ ವಿಶೇಷಾಂಕವನ್ನು ಇಂಡಿ ಊರಿನ ತವರುಮನೆಗೆ ತರುವ ಧೈರ್ಯ ಅವಳಿಗಿರಲಿಲ್ಲ. ತಂದವಳು ಅಣ್ಣನ ಮಗಳು ದಾನೇಶ್ವರಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅತ್ತೆಯ ಫೋಟೊ ಕಂಡು ಹಿಗ್ಗಿ ಹೀರೇಕಾಯಿಯಾಗಿ ಕೊಂಡುತಂದಿದ್ದಳು.

ಪಡಸಾಲೆಯಲ್ಲಿ ಸುನಂದಾಳ ಅವ್ವ ಮತ್ತು ಅವ್ವನ ತಂಗಿ ಸಿದ್ದವ್ವ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತ ಕೂತಿದ್ದರು. ಇಬ್ಬರಿಗೂ ಓದು ಬರದು. ಕಥೆ ಬರೆಯುವಾಗ ಸುನಂದಾ ನೆಚ್ಚಿಕೊಂಡದ್ದು ಅದನ್ನೇ. ಹೇಳಿಕೊಳ್ಳಲೂ ಆಗದಂಥ ಲೆಕ್ಕಾಚಾರ ಅದು.

"ಓದವ್ವಾ, ನಮ್ಮ ಸುನಂದಾ ಏನ ಬರದಾಳ ನಾವೂ ಕೇಳೂಣು," ಎಂದಳು ಸಿದ್ದವ್ವ.

"ಬ್ಯಾಡ ಚಿಗವ್ವಾ, ಭಾಳ ಉದ್ದ ಐತಿ," ಎಂದು ಸುನಂದಾ ಕೈ ಚಾಚುವಷ್ಟರಲ್ಲಿ ದಾನೇಶ್ವರಿ ಓದಲು ಹತ್ತಿಯೇಬಿಟ್ಟಿದ್ದಳು.

ನಲವತ್ತೊಂದು ವರ್ಷದ ಹಿಂದೆ ಸಿದ್ದವ್ವ ಮದುವೆಯಾಗಿ ಬಸವನ ಬಾಗೇವಾಡಿಯ ಗಂಡನ ಮನೆಗೆ ಹೋಗಿದ್ದಳು. ಈ ಕಡೆ ಹೊಸ ಸೊಸೆ ಪ್ರಾಸದ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದ ಮೇಲೇ ಹೊಸ್ತಿಲು ದಾಟಬೇಕು. ಗಂಡನ ಹೆಸರು ಬಾಯಿಗೆ ತರಬಾರದೆಂದು ನಾಚಿಕೆ ಕಲಿಸುವವರೂ ಹಿರಿಯ ಹೆಂಗಸರೇ, ಅವತ್ತು ಹೇಳು ಹೇಳು ಎಂದು ಬಾಗಿಲಿಗೆ ಅಡ್ಡ ನಿಲ್ಲುವವರೂ ಅವರೇ. ಹದಿನೇಳರ ಸಿದ್ದವ್ವನಿಗೆ ಬರುತ್ತಿದ್ದುದು ಒಂದೇ ಒಡಪು, ಅಕ್ಕನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದು:

"ಬೆಳ್ಳಿ ಬಟ್ಟಲದಾಗ ಹಾಲು, ಕಂಚಿನ ಬಟ್ಟಲದಾಗ ತುಪ್ಪ, ಈ ಮನಿ ಬೆಳಗಾವ್ರು ನಮ್ಮ ರೇವಪ್ಪ."

ಕೊನೆಗೆ ಶ್ರೀಶೈಲ ಎಂದು ತನ್ನ ಗಂಡನ ಹೆಸರು ಹಾಕಿದರಾಯಿತು ಅಂದುಕೊಂಡಿದ್ದಳು. ಮಂದಿ ಮುಂದೆ ತುಪ್ಪ ಎಂದ ನಾಲಿಗೆ ತಾನಾಗಿ ರೇವಪ್ಪ ಎಂದುಬಿಟ್ಟಿತು. ರೇವಪ್ಪ ಅಕ್ಕನ ಗಂಡ, ಸುನಂದಾಳ ಅಪ್ಪ. ಬಾಗೇವಾಡಿಯವರು ಮೊದಲು ನಕ್ಕರು, ಆಮೇಲೆ ಗುಸುಗುಸು ಅಂದರು, ಎಂಟು ದಿನಕ್ಕೆ ಹುಡುಗಿಯನ್ನು ವಾಪಸ್ ಕಳಿಸಿದರು.

ಆಗ ಅವಳನ್ನು ಕೈಹಿಡಿದು ಈ ಮನೆಗೆ ಕರೆತಂದವಳು ಅಕ್ಕನೇ. "ನನ್ನ ತಂಗಿ ಬಾಯಿ ತಪ್ಪ್ಯಾಳ, ಮನಸ್ಸು ತಪ್ಪಿಲ್ಲ," ಎಂದು ಊರಿನ ಬಾಯಿ ಮುಚ್ಚಿಸಿದ್ದಳು. ಸಿದ್ದವ್ವ ನಿಂಬೆ ತೋಟ ನೋಡಿಕೊಂಡು ಇದ್ದುಬಿಟ್ಟಳು. ರೇವಪ್ಪ ತೀರಿಕೊಳ್ಳುವವರೆಗೂ ಅವನಿದ್ದ ಕೋಣೆಗೆ ಕಾಲಿಡಲಿಲ್ಲ.

ಇಷ್ಟರಲ್ಲಿ ಸುನಂದಾಳಿಗೆ ಕಥೆ ಕಾಣಲಿಲ್ಲ. ಬರೀ ಬಾಯಿ ತಪ್ಪಿದ್ದಕ್ಕೆ ಯಾವ ಓದುಗ ಮರುಗುತ್ತಾನೆ? ಹುಡುಗಿಗೆ ಭಾವನ ಮೇಲೆ ಗುಟ್ಟಿನ ಪ್ರೀತಿ ಅಂಟಿಸಿದಳು, ಕೊನೆಗೆ ಬಾವಿಗೆ ಹಾರಿಸಿದಳು. ಮಾನ ಹೋದ ಹೆಣ್ಣಿಗೆ ನಮ್ಮ ಕಥೆಗಾರರು ಬಾವಿಯನ್ನೋ ಹಗ್ಗವನ್ನೋ ಮೊದಲೇ ತಯಾರು ಇಟ್ಟಿರುತ್ತಾರಲ್ಲ! ಹೆಸರುಗಳನ್ನೇನೋ ಬದಲಿಸಿದಳು, ಆದರೆ ಬೆಳ್ಳಿ ಬಟ್ಟಲು, ಕಂಚಿನ ಬಟ್ಟಲು ಹಾಗೇ ಉಳಿದವು. ಅಷ್ಟು ಚೆಂದದ ಒಡಪು ಬಿಡಲು ಮನಸ್ಸು ಬರಲಿಲ್ಲ. ನಾಚಿಕೆಯನ್ನು ಇಷ್ಟು ಸತ್ಯವಾಗಿ ಚಿತ್ರಿಸಿದ ಕಥೆ ಅಪರೂಪ ಎಂದು ತೀರ್ಪುಗಾರರು ಬೆನ್ನು ತಟ್ಟಿದ್ದರು.

ದಾನೇಶ್ವರಿ ಒಡಪಿಗೆ ಬಂದಾಗ ಎರಡೂ ಈಳಿಗೆಗಳು ನಿಂತವು. ಸುನಂದಾಳಿಗೆ ಎದ್ದು ಹೋಗಿ ಪುಸ್ತಕ ಕಸಿದುಕೊಳ್ಳಬೇಕೆನಿಸಿತು, ಕಸಿದರೆ ಒಪ್ಪಿಕೊಂಡಂತಾಗುತ್ತದೆಂದು ಕೂತಲ್ಲೇ ಕೂತಳು. ಏನೂ ತಿಳಿಯದ ಹುಡುಗಿ ಕೊನೆಯ ಸಾಲಿನವರೆಗೂ ರಾಗವಾಗಿ ಓದಿ ತಲೆಯೆತ್ತಿದಳು.

"ಬಾವಿಗ್ಯಾಕ ಹಾಕಿದಿ ನನ್ನ?" ಎಂದಳು ಸಿದ್ದವ್ವ. "ನಾ ಬದುಕಿದ್ದು ನಿನಗ ನಾಚಿಕಿ ಅನಿಸ್ತೇನು?"

"ಅದು ಕಥಿ ಚಿಗವ್ವಾ. ನೀ ಅಲ್ಲ ಅಕಿ."

ಅವ್ವ ಯಾರ ಮುಖವನ್ನೂ ನೋಡಲಿಲ್ಲ. ನಲವತ್ತೊಂದು ವರ್ಷ ಒಂದು ದಿನವೂ ಎತ್ತದಿದ್ದ ಮಾತನ್ನು ಕೈಯಲ್ಲಿದ್ದ ಹಣ್ಣಿಗೆ ಹೇಳುವವಳಂತೆ ಮೆಲ್ಲಗೆ ಕೇಳಿದಳು. "ಸಿದ್ದೀ, ಮನಸಿನ್ಯಾಗ ಇತ್ತೇನ ನಿನಗ?"

ಸಿದ್ದವ್ವ ಸುನಂದಾಳ ಕಡೆ ತಿರುಗಿದಳು. "ನೀ ಹೇಳು. ಬರದಾಕಿ ನೀನ ಅಲ್ಲಾ?"

"ಸುಳ್ಳವ್ವಾ!" ಸುನಂದಾಳ ದನಿ ಒಡೆಯಿತು. "ದೇವರಾಣಿ ಸುಳ್ಳು. ನಾ ಕಟ್ಟಿದ್ದು, ಮನಸಿನಿಂದ ಕಟ್ಟಿದ್ದು!"

ಇದ್ದ ನಾಚಿಕೆಯೆಲ್ಲ ಅವಳ ಮೈಮೇಲೇ ಬಂದು ಬಿದ್ದಿತ್ತು. ಅದನ್ನು ಬರೆಯುವುದು ಎಷ್ಟು ಸುಲಭವಾಗಿತ್ತು, ಹೊರುವುದು ಇಷ್ಟು ಭಾರವೆಂದು ಗೊತ್ತೇ ಇರಲಿಲ್ಲ.

"ಕಲತಾಕಿ ನೀನು," ಎಂದಳು ಅವ್ವ. "ಅಷ್ಟು ದೊಡ್ಡ ಮಂದಿ ಕೂತು ಓದ್ಯಾರ. ಸುಳ್ಳಿಗೆ ಬಹುಮಾನ ಕೊಡತಾರೇನ?"

ಸಿದ್ದವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಕ್ಕನ ಎದುರಿನಿಂದ ತನ್ನ ಈಳಿಗೆ, ನಿಂಬೆಹಣ್ಣು ಎತ್ತಿಕೊಂಡು ಹಿತ್ತಲಿಗೆ ಹೋಗಿ ಒಬ್ಬಳೇ ಹೆಚ್ಚತೊಡಗಿದಳು.