ಒಡೆದು ಸಾಯುವ ಕಣಗಳು

ಬೋಗುಣಿಯ ತಳಕ್ಕೆ ಅಂಟಿಕೊಂಡಿದೆ, ಬೂದಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ, ತೆಂಗಿನ ನಾರು ಅದರ ಮೇಲೆ ಜಾರುತ್ತದೆ, ಹಳದಿ, ಅಂಚಿನಲ್ಲಿ ಹಸಿರು, ಎಳೆದರೆ ದಾರದಂತೆ ಬರುತ್ತದೆ — ಥೂ, ಹನ್ನೆರಡು ದಿನವಾಯಿತು, ದಿನಕ್ಕೆ ನಾಲ್ಕು ಸಲ ಗಂಡನ ಕಫ ತೊಳೆದು ಅದೇ ಕೈಯಲ್ಲಿ ಮುದ್ದೆ ಕಟ್ಟಬೇಕು, ಸೋಪು ಹಾಕಿ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿದೆ ಅನಿಸುತ್ತದೆ, ನಿನ್ನೆ ಹಾಲಿನ ಕೆನೆ ನೋಡಿಯೇ ಲೋಟ ದೂರ ಸರಿಸಿದೆ. ಒಳಗೆ ಮತ್ತೆ ಕೆಮ್ಮು, ಕೆರೆದು ಕೆರೆದು ಎಳೆಯುವ ಕೆಮ್ಮು, ಈಗ ಉಗಿಯುತ್ತಾರೆ, ಬೋಗುಣಿ ಇಲ್ಲಿದೆ, ಹಾಗಾದರೆ ನೆಲಕ್ಕೆ, ಅದನ್ನೂ ನಾನೇ. ಆ ಹಳದಿ ಏನು ಗೊತ್ತಾ ಆಂಟಿ, ಸತ್ತ ಬಿಳಿ ರಕ್ತಕಣಗಳು, ಎಂದಳು ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರ್ ವರ್ಷಿಣಿ, ಬಿಳಿಗೆರೆಯ ಹುಡುಗಿ, ಅವರ ಮನೆಯಲ್ಲೂ ಅಟ್ಟದ ತುಂಬ ತೆಂಗಿನಕಾಯಿ, ಅದಕ್ಕೇ ಹಾಗೆ ಹೇಳಿದಳೇನೋ — ಗಂಧಕದ ಹೊಗೆಗೆ ಶ್ವಾಸಕೋಶ ಸುಟ್ಟಿದೆ, ಕಾಯೋಕೆ ಅಂತ ಬಿಳಿ ಕಣ ಓಡಿಬರ್ತವೆ, ಕೆಲಸ ಮುಗಿದ ಮೇಲೆ ಅವು ಸಾಯಲೇಬೇಕು, ಹೇಗೆ ಸಾಯ್ತವೆ ಅನ್ನೋದೇ ಮುಖ್ಯ, ನಿಮ್ಮ ಅಟ್ಟದಲ್ಲಿ ಕಾಯಿ ಒಳಗೊಳಗೇ ನೀರು ಇಂಗಿಸ್ಕೊಂಡು, ಚಿಪ್ಪು ಬಿಟ್ಟು, ಸದ್ದಿಲ್ಲದೆ ಕೊಬ್ಬರಿ ಆಗಲ್ವಾ, ಹಾಗೆ ಮುದುಡಿ ಸತ್ತರೆ ಇನ್ನೊಂದು ಕಣ ಬಂದು ನುಂಗಿ ಜಾಗ ಚೊಕ್ಕ ಮಾಡುತ್ತೆ, ಉರಿಯೂತ ಇಳಿಯುತ್ತೆ, ಅದೇ ಕೊಳೆತ ಕಾಯಿ ಥರ ಒಡೆದು ಸತ್ತರೆ ಒಳಗಿನ ವಿಷ ಸೋರಿ ಚೆನ್ನಾಗಿರೋ ಜಾಗಾನೂ ಸುಡುತ್ತೆ, ಮತ್ತಷ್ಟು ಕಣ ಬರ್ತವೆ, ಅವೂ ಒಡೀತವೆ, ಅಂಕಲ್‌ಗೆ ಈಗ ಆಗ್ತಿರೋದು ಅದೇ, ಹೊಗೆ ಹೋಯ್ತು, ಉರಿ ನಿಂತಿಲ್ಲ. ನನಗೆ ತಟ್ಟನೆ ಅರ್ಥವಾಯಿತು, ಮದುವೆಯಾದ ಹೊಸತರಲ್ಲಿ ಅಟ್ಟ ಹತ್ತಿ ಅಂಥದೊಂದು ಕಾಯಿಗೆ ಕೈ ಹಾಕಿದ್ದೆ, ಬೆರಳು ಒಳಗೇ ಹೋಯಿತು, ಹುಳ, ಗಬ್ಬು ನೀರು ಕೆಳಗಿನ ಕಾಯಿಗಳ ಮೇಲೆಲ್ಲಾ ಇಳಿದಿತ್ತು, ಅಂಥದು ಈಗ ಇವರ ಎದೆಯೊಳಗೆ, ಅಲ್ಲಿಂದ ಈ ಬೋಗುಣಿಗೆ.

ಇವರಿಗೆ ಯಾರು ಹೋಗು ಅಂದಿದ್ದರು. ಬೂಷ್ಟು ಹಿಡಿಯಬಾರದು, ಬಣ್ಣ ತಿಳಿಯಾಗಬೇಕು ಅಂತ ಹಿತ್ತಲ ಕೋಣೆಯಲ್ಲಿ ಕೊಬ್ಬರಿ ರಾಶಿಗೆ ಗಂಧಕ ಹಚ್ಚಿ ಹೊಗೆ ಹಾಕಿ, ಒಂದು ದಿನ ಬಾಗಿಲು ತೆಗೆದಿಡಿ ಅಂತ ನಾನು ಅಂದರೂ ಕೇಳದೆ, ನಂಗೆ ಹೇಳಿಕೊಡ್ತೀಯಾ ಅಂತ ನುಗ್ಗಿದರು, ಕೆಂಡ ಇನ್ನೂ ಆರಿರಲಿಲ್ಲ, ಭೀಮರಾಜು ಕಾಲು ಹಿಡಿದು ಹೊರಗೆಳೆದ. ಆಳು ಅವನು, ಎಳೆದ ಮೇಲೆ ಕೈಮುಗಿದುಬಿಟ್ಟ, ನಂಗೂ ಎಲ್ಡು ಮಕ್ಳವೆ ಅಣ್ಣಾ, ಇನ್ನು ಆ ಕೋಣೆಗೆ ಕಾಲಿಡಾಕಿಲ್ಲ, ಬುಡಿ. ಅದಕ್ಕೇ ಇವತ್ತು ಬೆಳಿಗ್ಗೆ ಗಿರಿಜಾ ಅಂತ ಕರೆದರು, ದನಿ ಮೆತ್ತಗೆ, ಔಷಧಿಗೆ ಇರಬೇಕು ಅಂತ ಹೋದೆ — ಮಿಕ್ಕ ಕೊಬ್ಬರಿಗೆ ನಾಳೆ ನೀನೇ ಹಚ್ಚಿಬಿಡು, ಆ ಪುಕ್ಲ ಒಲ್ಲೆ ಅಂತಾನೆ, ಏನಿಲ್ಲ ಕಣೇ, ಮೂಗಿಗೆ ಒದ್ದೆ ಸೆರಗು ಕಟ್ಕೊ, ಗೀರೋದು, ಬಾಗಿಲು ಹಾಕ್ಕೊಂಡು ಬರೋದು, ಐದು ನಿಮಿಷ. ಇಷ್ಟು ಹೇಳಲು ಮೂರು ಸಲ ಉಸಿರು ಸಿಕ್ಕಿಕೊಂಡಿತು, ತುಟಿಯಂಚಿನಲ್ಲಿ ಹಳದಿ ಎಳೆ, ಸೆರಗಿನಿಂದ ನಾನೇ ಒರೆಸಿದೆ, ಒರೆಸುತ್ತಿದ್ದಾಗಲೇ ಹೇಳಿದ. ಕೂಲಿಯವನು ಒಲ್ಲೆ ಅನ್ನಬಹುದು, ಹೆಂಡತಿಗೆ ಸೆರಗಿದೆಯಲ್ಲ. ಬೋಗುಣಿಯನ್ನಾದರೂ ಬೂದಿ ಹಾಕಿ ತೊಳೆಯುತ್ತೇನೆ, ಆ ಮಾತನ್ನು ಕಿವಿಯಿಂದ ಹೇಗೆ ತೊಳೆಯಲಿ, ಆಯ್ತು ಅಂದೆ, ಇಪ್ಪತ್ತೆರಡು ವರ್ಷದಿಂದ ಅನ್ನುತ್ತ ಬಂದ ಹಾಗೆ. ನಾಳೆ ಹೋಗುತ್ತೇನೆ, ಬೀಗ ತೆಗೆಯುತ್ತೇನೆ, ಗಂಧಕವನ್ನೆಲ್ಲ ಹಿತ್ತಲ ಗುಂಡಿಯಲ್ಲಿ ಹೂತು, ಹೊರಗಿನ ಕಲ್ಲಿನ ಮೇಲೆ ಐದು ನಿಮಿಷ ಕೂತು ಬರುತ್ತೇನೆ, ಹಚ್ಚಿದ್ಯಾ ಅನ್ನುತ್ತಾನೆ, ಹ್ಞೂಂ ಅನ್ನುತ್ತೇನೆ, ಎದ್ದು ಬಂದು ನೋಡುವಷ್ಟು ಉಸಿರಿಲ್ಲ ಅವನಿಗೆ, ಬೂಷ್ಟು ಹಿಡಿದರೆ ಹಿಡಿಯಲಿ, ಕೊಬ್ಬರಿ ಮಂಡಿಗೆ ಕಪ್ಪಗೇ ಹೋಗಲಿ — ಆ ಕಲ್ಲಿನ ಮೇಲೆ ಕೂತಿದ್ದೇನೆ, ಈಗಲೇ ಕಾಣುತ್ತಿದೆ, ಬೆರಳ ನಡುವೆ ಒಂದು ಬೆಂಕಿಕಡ್ಡಿ, ಕಪ್ಪು ತಲೆ, ಗೀರಿಲ್ಲ, ಕಪ್ಪು ತಲೆ, ಗೀರಿಲ್ಲ.