ಮಾಡು ಕುಡಿದ ರೆಸಿನ್

ಬಾಡ ಊರಿನ ಸೋಮಿ ಮೀನು ಕೊಳ್ಳುವಾಗ ಒಂದೊಂದು ಬಂಗಡೆಯ ಕಿವಿರನ್ನೂ ಎತ್ತಿ ನೋಡುವವಳು. ತಕ್ಕಡಿಯ ತಟ್ಟೆಯನ್ನು ಮಗುಚಿ, ತಳಕ್ಕೆ ಏನೂ ಅಂಟಿಸಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವಳ ಕೈ ಸೆರಗಿನ ಗಂಟಿಗೆ ಹೋಗುವುದು. ಹಿಂದೊಮ್ಮೆ ಮೇಸ್ತ್ರಿಯೊಬ್ಬ ಅಳತೆ ಹಿಗ್ಗಿಸಿ ಹೆಚ್ಚಿಗೆ ಹಂಚು ತರಿಸಿ, ಉಳಿದದ್ದನ್ನು ತನ್ನ ಕೊಟ್ಟಿಗೆಗೆ ಹೊದೆಸಿಕೊಂಡಿದ್ದ. ಅಂದಿನಿಂದ ಟೇಪು ಹಿಡಿದವರೆಲ್ಲ ಅವಳ ಪಾಲಿಗೆ ಅರ್ಧ ಕಳ್ಳರೇ. ಗಂಡ ಮಲ್ಪೆಯ ಬೋಟಿಗೆ ಹೋದರೆ ತಿಂಗಳುಗಟ್ಟಲೆ ಬರುವವನಲ್ಲ. ಒಂಟಿ ಹೆಂಗಸು ಕಣ್ಣು ತೆರೆದಿರದಿದ್ದರೆ ಊರು ಮನೆಯ ತೊಲೆಯನ್ನೂ ಬಿಡುವುದಿಲ್ಲ ಎಂಬುದು ಅವಳ ಸಿದ್ಧಾಂತ.

ಈಗ ಅವಳಿಗೆ ಹಿಂದಿನ ಕೋಣೆಯ ಚಿಂತೆ ಹತ್ತಿತ್ತು. ತಂಗಿ ಅಂಕಿತಾ ಚೊಚ್ಚಲ ಬಸುರಿ. ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಎತ್ತಿ ಆಡಿಸಿ ಬೆಳೆಸಿದ ಅಕ್ಕನ ಮನೆಯೇ ತವರು, ಬಾಣಂತನ ಅಲ್ಲೇ ಆಗಬೇಕು. ಆದರೆ ಆ ಕೋಣೆಯ ತಲೆಯ ಮೇಲಿನ ಮಾಡು ಹಳೆಯ ಸಿಮೆಂಟ್ ಶೀಟಿನದು. ಬೇಸಗೆಯಲ್ಲಿ ಕಾವಲಿಯಂತೆ ಕಾಯುತ್ತದೆ, ಮಳೆಗಾಲದಲ್ಲಿ ಬಿರುಕುಗಳಿಂದ ಸೋರುತ್ತದೆ. ಹಸುಗೂಸನ್ನು ಅಂಥಲ್ಲಿ ಮಲಗಿಸುವುದು ಹೇಗೆ?

ದಾರಿ ತೋರಿಸಿದವನು ಅಂಕಿತಾಳ ಗಂಡ ಹರೀಶ. ಭಟ್ಕಳದ ತೆಂಗಿನಗುಂಡಿಯಲ್ಲಿ ಫೈಬರ್ ದೋಣಿ ಮಾಡುವ ಶೆಡ್ಡಿನಲ್ಲಿ ಅವನ ಕೆಲಸ.

“ಶೀಟಿನ ಮೇಲೆ ಫೈಬರ್ ಹೊದೆಸ್ವ ಅಕ್ಕಾ. ದೋಣಿಯೊಳಗೇ ನೀರು ಬರೂದಿಲ್ಲ, ಮಾಡಿಗೆ ಎಲ್ಲಿಂದ ಬತ್ತದೆ? ಕೆಳಗೆ ಥರ್ಮಾಕೋಲ್ ಕೂರ್ಸಿದ್ರೆ ಬಿಸಿನೂ ಇಲ್ಲ” ಎಂದ. ಹಾಗೆ ಹೇಳುತ್ತಲೇ ಏಣಿಗೆ ಕೈಹಾಕಿದ. “ಹತ್ತಿ ಅಳತೆ ತಗಂತೆ.”

“ನೀ ಎಂತಕ್ಕೆ ಹತ್ತೂದು? ಅಳತೆ ನಾ ಕೊಡ್ತೆ” ಎಂದಳು ಸೋಮಿ.

ಭತ್ತ ಒಣಗಿಸುವ ತಾಡಪಾಲೊಂದು ಅವಳಲ್ಲಿತ್ತು. ಅದನ್ನು ಕೋಣೆಯಲ್ಲಿ ಹರಡಿದರೆ ನಾಲ್ಕು ಮೂಲೆಯೂ ಗೋಡೆಗೆ ತಾಗುತ್ತಿತ್ತು. ತಾಡಪಾಲಿನ ಮೇಲೆ ಅಚ್ಚಾಗಿದ್ದ ಉದ್ದ-ಅಗಲವನ್ನೇ ಓದಿ ಹೇಳಿದಳು. ಹರೀಶ ಕುತ್ತಿಗೆ ಕೆರೆದುಕೊಂಡ.

“ಮೇಲಿಂದ ಒಂದ್ಸಲ ನೋಡಿದ್ರೆ...”

“ಕೋಣೆ ಒಂದೇ. ಅಳತೆ ಎರಡಾಗ್ತದ್ಯಾ?”

ಹೆಂಡತಿಯ ಅಕ್ಕ, ಅತ್ತೆಯ ಸ್ಥಾನದವಳು. ಹರೀಶ ಎರಡನೇ ಮಾತಾಡಲಿಲ್ಲ. ಅವಳು ಕೊಟ್ಟ ಅಳತೆಗೆ ಎರಡು ಪದರ ಫೈಬರ್ ಮ್ಯಾಟು ಎಷ್ಟಾಗುತ್ತದೆ, ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಎಂಬ ಅಂಟು ಎಷ್ಟು, ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್ ಎಷ್ಟು, ಥರ್ಮಾಕೋಲ್ ಹಲಗೆ ಎಷ್ಟು ಎಂದು ಲೆಕ್ಕ ಹೇಳಿದ. ಸೋಮಿ ತಾನೇ ಹೊನ್ನಾವರಕ್ಕೆ ಹೋಗಿ, ಅಂಗಡಿಯವನ ತಕ್ಕಡಿಯನ್ನೂ ಬಿಡದೆ ಪರೀಕ್ಷಿಸಿ, ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದಳು.

ಮೊದಲು ಥರ್ಮಾಕೋಲ್ ಕೂರಿಸಿದರು. ಶೀಟಿನ ಕೆಳಗೆ ಪಟ್ಟಿ ಹೊಡೆದು ಮಟ್ಟಸವಾಗಿ ಜೋಡಿಸಿದಾಗ ಒಂದು ತುಂಡೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಸೋಮಿ ಸೊಂಟಕ್ಕೆ ಕೈಯಿಟ್ಟು ನೋಡಿ ಹಿಗ್ಗಿದಳು. ಆಮೇಲೆ ಹರೀಶ ಮಾಡು ಹತ್ತಿದ. ಹಾಸಿದ ಮ್ಯಾಟಿಗೆ ಬ್ರಶ್ಶಿನಲ್ಲಿ ರೆಸಿನ್ ಕುಡಿಸುತ್ತ, ರೋಲರಿನಿಂದ ಉಜ್ಜಿ ಉಜ್ಜಿ ಶೀಟಿನ ಏರುತಗ್ಗಿಗೆ ಕೂರಿಸುತ್ತ ಬಂದ. ಕೆಳಗೆ ಸೋಮಿ ಈರುಳ್ಳಿ ಜಡೆ ಹೆಣೆಯುತ್ತ ಅವನ ನೆರಳನ್ನೇ ಕಾದಳು.

ಮರುದಿನ ಸಂಜೆ ಹರೀಶ ಬರಿಗೈಯಲ್ಲಿ ಇಳಿದು ಬಂದ.

“ಅಕ್ಕಾ, ಮ್ಯಾಟೂ ಮುಗೀತು, ರೆಸಿನ್ನೂ ಮುಗೀತು. ತುದಿಗೆ ಒಂದ್ ಪಟ್ಟಿ ಉಳೀತು.”

“ಮುಗೀತು ಅಂದ್ರೆ ಎಂತ? ಎಲ್ಲಿಗೆ ಹೋತು?”

“ಮಾಡು ಕುಡೀತು ಅಕ್ಕಾ. ಕೆಲವೊಂದು ದೋಣಿನೂ ಹಂಗೇ, ಜಾಸ್ತಿ ಕುಡೀತದೆ.”

ದೋಣಿ ಶೆಡ್ಡಿನವರ ಮಾತೇ ಹಾಗೆ. ಸೋಮಿಗೆ ಮಾತ್ರ ಅದು ಬೆಕ್ಕು ಹಾಲು ಕುಡಿದು ಮಡಕೆಯ ಮೇಲೆ ದೂರು ಹೇಳಿದಂತೆ ಕೇಳಿಸಿತು. ಅದೇ ಅಳತೆಗೆ ತಂದ ಥರ್ಮಾಕೋಲ್ ಸರಿಹೋಗಿದೆ, ಫೈಬರ್ ಮಾತ್ರ ಹೇಗೆ ಸಾಲದಾಯಿತು?

ಬೇಲಿಯಾಚೆಯ ಈರಮ್ಮನಿಗೆ ಇಂಥ ಮಾತು ಗಾಳಿಯಲ್ಲೇ ಮುಟ್ಟುತ್ತದೆ. “ಅವ್ರ ಶೆಡ್ಡಲ್ಲಿ ದಿನಾ ಅದೇ ಸಾಮಾನು ಅಲ್ದನೇ? ಇಲ್ಲಿಂದ ಒಂದ್ ಡಬ್ಬಿ ಅಲ್ಲಿಗೆ ಹೋದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?” ಎಂದು ಹೇಳಿ, ತನಗೇನೂ ಸಂಬಂಧವಿಲ್ಲವೆಂಬಂತೆ ಬಸಳೆ ಕೊಯ್ಯತೊಡಗಿದಳು.

ಆಗ ಸೋಮಿಗೆ ಫಕ್ಕನೆ ನೆನಪಾಯಿತು. ನಿನ್ನೆ ಹೊರಡುವಾಗ ಹರೀಶ ಬಟ್ಟೆ ಕಟ್ಟಿದ ಡಬ್ಬಿಯೊಂದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟಿದ್ದ. ಇವತ್ತೂ ಇಟ್ಟಿದ್ದಾನೆ.

ಅವನು ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದ. ಕೀಲಿ ಸ್ಕೂಟರಿನಲ್ಲೇ ಇತ್ತು. ಸೋಮಿ ಡಿಕ್ಕಿ ತೆಗೆದು ಡಬ್ಬಿಯ ಬಟ್ಟೆ ಬಿಚ್ಚಿದಳು. ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ನೆನೆಯುತ್ತಿದ್ದದ್ದು ಬ್ರಶ್ಶುಗಳು. ತಲೆ ಎತ್ತಿದರೆ ಹರೀಶ ಒದ್ದೆ ಮುಖದಲ್ಲಿ ನಿಂತು ನೋಡುತ್ತಿದ್ದ.

“ನೆನೆ ಹಾಕ್ದೇ ಇದ್ರೆ ಬ್ರಶ್ಶು ಕಲ್ಲಾಗ್ತದೆ ಅಕ್ಕಾ” ಎಂದಷ್ಟೇ ಹೇಳಿ, ಬಟ್ಟೆ ಮತ್ತೆ ಕಟ್ಟಿ ಹೊರಟುಹೋದ.

ಸೋಮಿಗೆ ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ಸಂಶಯ ನಾಚಿಕೆಗಿಂತ ಗಟ್ಟಿ ಪ್ರಾಣಿ. ಇವತ್ತು ಬ್ರಶ್ಶು ಇತ್ತು, ನಿನ್ನೆ ಏನಿತ್ತೋ ಕಂಡವರು ಯಾರು ಎಂದುಕೊಂಡೇ ಒಳಗೆ ಹೋದಳು.

ಬೆಳಿಗ್ಗೆ ಅಂಕಿತಾಳ ಫೋನು ಬಂತು. “ಅಕ್ಕಾ, ಕೋಣೆ ಪೂರ್ತಿ ಆಗ್ಲಿಲ್ಲಂತೆ. ಇವ್ರ ಅಂದಾಜೇ ತಪ್ಪಿತಂತೆ, ಅವ್ರಿಗೆ ಬೈಬೇಡ. ನಾ ಇಲ್ಲೇ ಹೆರ್ತೆ. ಅತ್ತೆ ನೋಡ್ಕಂತ್ರು.”

ಸೋಮಿ ಫೋನಿಟ್ಟಳು. ತಂಗಿಯ ಬಾಣಂತನ ಬೇರೆಯವರ ಮನೆಯಲ್ಲಾದರೆ ತಾನು ಅಕ್ಕನಾಗಿ ಇದ್ದೇನು ಫಲ? ಆ ಸಂಕಟದಲ್ಲೂ ಅವಳ ಮನಸ್ಸು ತನ್ನ ಬುದ್ಧಿ ಬಿಡಲಿಲ್ಲ. ಕೇಳದೆಯೇ ತಪ್ಪು ಒಪ್ಪಿಕೊಂಡಿದ್ದಾನೆ ಎಂದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೇ ಆಯಿತಲ್ಲ!

ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಮೋಡ ಏರಿತು. ಉಳಿದ ಪಟ್ಟಿಯಿಂದ ನೀರು ಇಳಿದರೆ ಥರ್ಮಾಕೋಲೂ ಹಾಳು. ಸೋಮಿ ಸೀರೆ ಎತ್ತಿ ಕಟ್ಟಿ, ತಾಡಪಾಲು ಹೆಗಲಿಗೆ ಹಾಕಿ ಏಣಿ ಹತ್ತಿದಳು. ಇಡೀ ಮಾಡಿಗೇ ಹೊದೆಸಿಬಿಡುತ್ತೇನೆಂದು ಒಂದು ತುದಿಯಿಂದ ಹಾಸುತ್ತ ಬಂದಳು. ಗಾಳಿ ಎತ್ತದಿರಲೆಂದು ಶೀಟಿನ ಒಂದೊಂದು ತಗ್ಗಿಗೂ ಅದನ್ನು ಒತ್ತಿ ಕಲ್ಲು ಹೇರಿದಳು. ಪ್ರತಿ ತಗ್ಗೂ ಒಂದಿಷ್ಟು ತಾಡಪಾಲನ್ನು ಒಳಗೆಳೆದುಕೊಳ್ಳುತ್ತಿತ್ತು. ಕೊನೆಗೆ ಕೈಗೆ ಅಂಚು ಸಿಕ್ಕಿತು. ಮಾಡು ಇನ್ನೂ ಮುಗಿದಿರಲಿಲ್ಲ. ಎಳೆದರೂ ಬರಲಿಲ್ಲ.

ಅಂಚು ನಿಂತದ್ದು ಹರೀಶನ ಫೈಬರ್ ನಿಂತಲ್ಲೇ.

ಕೆಳಗೆ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಮುಟ್ಟಿದ್ದ ಅದೇ ತಾಡಪಾಲು. ಥರ್ಮಾಕೋಲ್ ನೆಲದಂತೆ ಮಟ್ಟಸ, ಅದಕ್ಕೇ ಸರಿಹೋಗಿತ್ತು. ಮಾಡಿಗೆ ಇಳಿಜಾರಿದೆ, ಗೋಡೆಯಾಚೆ ಚಾಚಿದ ಸೂರಿದೆ, ಸಾಲುಸಾಲು ತಗ್ಗುಗಳಿವೆ. ಮಾಡು ಕುಡಿದದ್ದು ನಿಜವೇ ಆಗಿತ್ತು. ಸೋಮಿ ಅಲ್ಲೇ ಕುಕ್ಕರಿಸಿದಳು. ಮೊದಲ ಹನಿ ಬಿದ್ದರೂ ಇಳಿಯಬೇಕೆನಿಸಲಿಲ್ಲ. ಕಳ್ಳನನ್ನು ಹುಡುಕುವ ಭರದಲ್ಲಿ ತನ್ನ ತಂಗಿಯ ಗಂಡನನ್ನೇ ಕಳ್ಳ ಮಾಡಿದ್ದಳು. ಅವನು ಅದನ್ನು ಹೆಂಡತಿಗೂ ಹೇಳದೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದ.

ಇಳಿದವಳೇ ಫೋನು ಮಾಡಿದಳು. “ಹರೀಶಾ, ತಪ್ಪಿದ್ದು ನನ್ನ ಅಳತೆ. ನಾ ನೆಲ ಅಳ್ದೆ, ಮಾಡು ಅಳೀಲಿಲ್ಲ. ನಿನ್ನ ಮೇಲೆ ಸಂಶಯ ಮಾಡ್ದೆ. ಬಾರಾ.”

ಆಚೆ ಕಡೆಯಿಂದ, ಶೆಡ್ಡಿನ ಸದ್ದಿನ ನಡುವೆ, “ಆತು ಅಕ್ಕಾ” ಎಂದ ಹರೀಶ.

ಬಂದ. ಸೋಮಿ ಟೇಪು ಮುಂದೆ ಹಿಡಿದರೆ ಮುಟ್ಟಲಿಲ್ಲ. “ಅಳತೆ ನೀವೇ ಹೇಳಿ ಅಕ್ಕಾ” ಎಂದ. ಅವಳೇ ಹತ್ತಿ, ತಗ್ಗುತಗ್ಗಿಗೂ ದಾರ ಇಳಿಸಿ ಅಳೆದಳು. ಮತ್ತೆ ಹೊನ್ನಾವರದಿಂದ ಸಾಮಾನು ಬಂತು, ಪಟ್ಟಿ ಮುಚ್ಚಿತು. ಡಬ್ಬಿಯ ತಳದಲ್ಲಿ ಉಳಿದ ಒಂದಿಷ್ಟು ರೆಸಿನ್ನನ್ನು ಅವನು ತಂದು ಅವಳ ಕಾಲ ಬಳಿ ಇಟ್ಟ.

“ಅಂಕಿತಾನ್ನ ನಾಡಿದ್ದು ಕರ್ಕಂಡು ಬತ್ತೆ” ಎಂದ. ಸೋಮಿಯ ಕಣ್ಣು ತುಂಬಿ ಬಂತು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಹರೀಶ ಅಂಗಳಕ್ಕಿಳಿದು, ಸ್ಕೂಟರಿನ ಡಿಕ್ಕಿ ತೆಗೆದು, ಪಕ್ಕಕ್ಕೆ ಸರಿದು ನಿಂತ.

“ಇದೆಂತಕ್ಕೆ?”

“ಒಂದ್ಸಲ ನೋಡ್ಕಳಿ ಅಕ್ಕಾ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೋಮಿ ತಡೆದುಕೊಳ್ಳುತ್ತಿದ್ದಳು.

“ಮುಚ್ಚೋ ಮಾರಾಯಾ” ಎಂದಳು. ಅವನು ಕೈಕಟ್ಟಿ ನಿಂತೇ ಇದ್ದ. ಬೇಲಿಯಾಚೆ ಈರಮ್ಮನ ಕೊಡ ಸದ್ದು ನಿಲ್ಲಿಸಿತ್ತು. ಕೊನೆಗೆ ಸೋಮಿ ಬಗ್ಗಿ ನೋಡಿದಳು. ಆಮೇಲೆಯೇ ಅವನು ಡಿಕ್ಕಿ ಮುಚ್ಚಿ ಸ್ಕೂಟರ್ ಹತ್ತಿದ.