ಕಿವಿ ಗುರುತು

ಹುಮನಾಬಾದಿನಲ್ಲಿ ಹಂದಿ ಸಾಕುವ ಮನೆಗಳ ನಡುವೆ ಜಗಳವಿರಲಿಲ್ಲ ಎಂದರೆ ಅದಕ್ಕೆ ಕಾರಣ ಮುಕ್ತಾಬಾಯಿಯ ಚಾಕು. ಹಗಲೆಲ್ಲ ಊರು ಅಲೆದು ಬರುವ ಹಂದಿಗೆ ಒಡೆಯ ಯಾರೆಂದು ಕೇಳಿದರೆ ಅದೇನು ಹೆಸರು ಹೇಳುತ್ತದೆಯೇ? ಅದರ ಕಿವಿ ಹೇಳುತ್ತದೆ. ಎಡಗಿವಿಯ ತುದಿ ಹಾರಿದ್ದರೆ ಒಂದು ಮನೆಯದು, ಬಲಗಿವಿ ಸೀಳಿದ್ದರೆ ಇನ್ನೊಂದು ಮನೆಯದು. ಮರಿ ಯಾರದೇ ಇರಲಿ, ಕಿವಿ ಕೊಯ್ಯುವ ಕೈ ಮಾತ್ರ ಮುಕ್ತಾಬಾಯಿಯದು.

ಆ ಗಿಡ್ಡ ಚಾಕು ಅವಳ ಅತ್ತೆ ಶಕುಂತಲಾಬಾಯಿಯದು. ಸಾಯುವ ಮುಂಚೆ ಮುದುಕಿ ಅದನ್ನು ಸೊಸೆಯ ಉಡಿಗೆ ಹಾಕಿ, "ನೀರ ಮುಟ್ಟಿಸಬ್ಯಾಡ. ತೊಳದ್ರ ಬರಕತ್ ತೊಳಕೊಂಡು ಹೋಗ್ತದ" ಎಂದಿದ್ದಳು. ಕೈಯ ಏಳಿಗೆ ಹೋದೀತೆಂದು ಮುಕ್ತಾಬಾಯಿ ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಳು. ಕೊಯ್ದ ಮೇಲೆ ಗಾಯಕ್ಕೆ ಬೂದಿ ಒತ್ತುವುದು, ಚಾಕನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಅದೇ ಬಟ್ಟೆಯಲ್ಲಿ ಸುತ್ತಿಡುವುದು. ಅವಳು ಕೊಯ್ದ ಕಿವಿ ಒಂದೂ ಕೀವಾಗಿರಲಿಲ್ಲ. ಅದು ಅವಳ ಕೈಗುಣವೆಂದು ಜನ ಅನ್ನುತ್ತಿದ್ದರು, ಅವಳಿಗೂ ಆ ಮಾತು ಕೇಳಲು ಹಿತವಾಗಿತ್ತು. ಯಾರಿಗೆ ಹಿತವೆನಿಸುವುದಿಲ್ಲ ಹೇಳಿ?

ಮಳೆಗಾಲ ಮುಗಿಯುವ ಹೊತ್ತಿಗೆ ಹಂದಿಗಳು ಸಾಯತೊಡಗಿದವು. ಮೊದಲು ತಿನ್ನುವುದು ಬಿಟ್ಟವು, ಆಮೇಲೆ ಒಂದರ ಮೈಮೇಲೊಂದು ಬಿದ್ದು ನಡುಗಿದವು, ಹೊಟ್ಟೆಯ ಚರ್ಮ ಕೆನ್ನೀಲಿಯಾಯಿತು. ಯಾರೋ ವಿಷ ಹಾಕಿದ್ದಾರೆ ಎಂದರು ಕೆಲವರು. ಪಶುವೈದ್ಯೆ ವರ್ಷಾ ಬಂದು ನೋಡಿ, ಇದು ಆಫ್ರಿಕದ ಹಂದಿ ಜ್ವರವಿರಬಹುದು, ರಕ್ತ ಪರೀಕ್ಷೆಯಾಗದೆ ಹೇಳಲಾರೆ ಎಂದಳು. ಆ ಜ್ವರಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ಹತ್ತಿದರೆ ಸುತ್ತಮುತ್ತಲ ಹಂದಿಗಳನ್ನೆಲ್ಲ ಕೊಂದು ಹೂಳಬೇಕು. ಗಾಜಿನ ನಳಿಗೆಗಳಲ್ಲಿ ರಕ್ತ ತುಂಬಿಕೊಂಡು, ಐಸಿನ ಡಬ್ಬಿಯಲ್ಲಿಟ್ಟು, ಹೊರಡುವಾಗ ಒಂದು ಮಾತು ಹೇಳಿದಳು.

"ಯಾರ ಹಂದಿ ಯಾವುದು ಅಂತ ಗುರುತಿರಲಿ. ರಕ್ತ ಅದಲುಬದಲಾದ್ರ ಒಬ್ಬರ ಮನಿ ರೋಗ ಇನ್ನೊಬ್ಬರ ತಲಿಗೆ ಬರ್ತದ."

ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಕೇಳಿದವರಿಗೆ ಗುರುತು ಎಂದರೆ ಒಂದೇ ಅರ್ಥ. ಮರುದಿನ ಮುಕ್ತಾಬಾಯಿ ಮನೆಮನೆ ತಿರುಗಿ, ಉಳಿದಿದ್ದ ಮರಿಗಳ ಕಿವಿಯನ್ನೆಲ್ಲ ಕೊಯ್ದಳು. ನಡುಗುತ್ತಿದ್ದವನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಕಲ್ಯಾಣದಿಂದ ಮಗಳ ಫೋನು ಬಂತು. ಮಯೂರಿಯನ್ನು ಬಸವಕಲ್ಯಾಣಕ್ಕೆ ಕೊಟ್ಟು ಕೆಲವು ವರ್ಷಗಳಾಗಿದ್ದವು. ಮದುವೆಯಲ್ಲಿ ಮುಕ್ತಾಬಾಯಿ ಮಗಳ ಜೊತೆ ಒಂದು ಹೆಣ್ಣು ಹಂದಿಯನ್ನು ಕಳಿಸಿದ್ದಳು. ಗಂಡನ ಮನೆಯಲ್ಲಿ ಮಯೂರಿಯದು ಎಂದು ಇದ್ದದ್ದು ಅದೊಂದೇ. ಅದು ಸೂಲಿನ ಮೇಲೆ ಸೂಲು ಹಾಕಿದ ಮೇಲೆಯೇ ಅತ್ತೆ ಮಾವ ಅವಳನ್ನು ಕೂರಿಸಿಕೊಂಡು ಮಾತು ಕೇಳತೊಡಗಿದ್ದು. ಈಗಲೂ ಅಂಗಳದ ತುಂಬ ಮರಿ.

"ಯವ್ವಾ, ಇಲ್ಲಿನೂ ರಕ್ತ ತಗೋಳಾಕ ಬರ್ತಾರಂತ. ನನ್ನ ಮರಿಗೆ ಇನ್ನಾ ಗುರುತಿಲ್ಲ. ಬಾಜೂಮನಿ ಸುಗಂಧಾನ ಮರಿ ಕೂಡ ಬೆರತಾವ. ಅಕೀವು ಬ್ಯಾನಿ ಬಿದ್ರ ನನ್ನವೂ ಹೋಗ್ತಾವ. ನೀ ಬಂದು ಕಿವಿಗೆ ಗುರುತು ಹಾಕಿಕೊಡು."

"ಬರ್ತೀನವ್ವಾ. ನಿನ್ನ ಮರಿ ಉಳಸಾಕ ಬರದs ಇರ್ತೀನೇನು."

ಮುಕ್ತಾಬಾಯಿ ಮೂರ್ಖಳಲ್ಲ. ರೋಗದ ಊರಿಂದ ಹೋಗುವವರು ಬಟ್ಟೆ ಬದಲಿಸಬೇಕು, ಮಾಂಸ ಒಯ್ಯಬಾರದು, ಕಾಲು ತೊಳೆಯಬೇಕು ಎಂದು ಡಾಕ್ಟರಬಾಯಿ ಹೇಳಿದ್ದು ಅವಳ ತಲೆಯಲ್ಲಿತ್ತು. ತಲೆಗೆ ನೀರು ಹಾಕಿಕೊಂಡಳು. ಒಗೆದ ಸೀರೆ ಉಟ್ಟಳು. ಚಪ್ಪಲಿಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತಿಕ್ಕಿದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಕೊನೆಗೆ ಬಟ್ಟೆಯಲ್ಲಿ ಸುತ್ತಿಟ್ಟ ಚಾಕನ್ನು ಹಣೆಗೆ ಒತ್ತಿಕೊಂಡು, ಹಾಗೆಯೇ ಚೀಲಕ್ಕೆ ಹಾಕಿ ಬಸ್ಸು ಹತ್ತಿದಳು.

ಕಲ್ಯಾಣದಲ್ಲಿ ಮಗಳ ಮರಿಗಳ ಕಿವಿ ಕೊಯ್ದಳು. ಹೇಗೂ ಬಂದಿದ್ದಾಳೆಂದು ಸುಗಂಧಾ ತನ್ನ ಮರಿಗಳನ್ನೂ ತಂದು ಹಿಡಿದಳು. ಮರುದಿನ ವರ್ಷಾ ಬಂದು ರಕ್ತ ತೆಗೆದುಕೊಂಡು ಹೋದಳು.

ವರದಿ ಬಂತು. ಹುಮನಾಬಾದಿನಲ್ಲಿ ರೋಗವಿದೆ, ಕಲ್ಯಾಣದಲ್ಲಿ ಇಲ್ಲ.

ಹುಮನಾಬಾದಿನ ಹಂದಿಗಳನ್ನು ಗುಂಡಿಗೆ ಹಾಕಿದ ದಿನ ಮುಕ್ತಾಬಾಯಿ ನೆಲಕ್ಕೆ ಬಿದ್ದು ಅತ್ತಳು. ಖಾಲಿ ದೊಡ್ಡಿ ನೋಡಲಾಗದೆ ಮಗಳ ಮನೆಗೆ ಬಂದಳು. ತನ್ನದು ಹೋದರೂ ಮಗಳದು ಉಳಿಯಿತಲ್ಲ ಎಂಬ ಸಮಾಧಾನವೊಂದಿತ್ತು. ಇನ್ನು ತನಗೇಕೆ ಇದು ಎಂದು ಚಾಕನ್ನು ಮಯೂರಿಯ ಉಡಿಗೆ ಹಾಕಿದಳು. ಅತ್ತೆ ಹೇಳಿದ ಮಾತನ್ನೂ ಹೇಳಿದಳು. ಚಾಕು ಮಗಳ ಕೈಗೆ ಬಂದ ಸುದ್ದಿ ಹರಡಿ, ಹತ್ತಿರದ ಹಳ್ಳಿ ಮೋರಖಂಡಿಯಿಂದ ಒಬ್ಬರು ತಮ್ಮ ಮರಿಗಳಿಗೂ ಗುರುತು ಹಾಕಿಕೊಡಲು ಮಯೂರಿಯನ್ನು ಕರೆದರು. ಬರುವ ಸಂತೆಯ ದಿನ ಹೋಗುವುದೆಂದು ಮಾತಾಯಿತು.

ಆದರೆ ಬೇನೆಯೂ ಅಷ್ಟೇ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸಂತೆಗೆ ಮುಂಚೆಯೇ ಮಯೂರಿಯ ಒಂದು ಮರಿ ಹಾಲು ಬಿಟ್ಟಿತು. ಬೆಳಗಾಗುವುದರೊಳಗೆ ಸುಗಂಧಾಳ ಎರಡು ಸತ್ತಿದ್ದವು.

ವರ್ಷಾ ಮತ್ತೆ ಬಂದಳು. ಮುಖ ಬಾಡಿತ್ತು, ಕಣ್ಣಿಗೆ ನಿದ್ದೆಯಿರಲಿಲ್ಲ. ಯಾರಾದರೂ ಹೊರಗಿನಿಂದ ಹಂದಿ ತಂದಿರಾ, ಮಾಂಸ ತಂದಿರಾ, ಹೋಟೆಲಿನ ಮುಸುರೆ ಹಾಕಿದಿರಾ ಎಂದು ಕೇಳಿದಳು. ಎಲ್ಲರೂ ಇಲ್ಲವೆಂದರು. ಸುಳ್ಳೂ ಅಲ್ಲ.

"ಹಂಗಿದ್ರ ಹ್ಯಾಂಗ ಬಂತು? ಹಾರಿಕೊಂಡು ಬರೋ ಬ್ಯಾನಿ ಅಲ್ಲ ಇದು" ಎಂದಳು ವರ್ಷಾ, ಅರ್ಧ ತನಗೇ.

ಮುಕ್ತಾಬಾಯಿ ತೊಡೆಯ ಮೇಲೆ ಮರಿಯನ್ನು ಅಂಗಾತ ಹಿಡಿದು ಕೊಟ್ಟಳು. ವರ್ಷಾ ಅದರ ಕುತ್ತಿಗೆಗೆ ಸೂಜಿ ಚುಚ್ಚಿ ರಕ್ತ ತೆಗೆದು, ಸೂಜಿಯನ್ನು ಕೆಂಪು ಡಬ್ಬಿಗೆ ಹಾಕಿದಳು. ಮುಂದಿನ ಮರಿಗೆ ಹೊಸ ಸೂಜಿಯ ಪೊಟ್ಟಣ ಒಡೆದಳು. ಅದರ ಮುಂದಿನದಕ್ಕೂ ಹೊಸದು. ಹುಮನಾಬಾದಿನಲ್ಲಿ ದುಃಖದ ಗದ್ದಲದಲ್ಲಿ ಮುಕ್ತಾಬಾಯಿ ಇದನ್ನು ಗಮನಿಸಿರಲಿಲ್ಲ.

"ಒಂದs ಸೂಜಿ ಸಾಕಾಗೂದಿಲ್ಲೇನ್ರಿ? ಎಲ್ಲಾ ಒಂದs ತಾಯಿ ಮರಿ."

"ಇಲ್ಲ ಮಾವಶಿ. ಬ್ಯಾನಿ ಇರೋದs ರಕ್ತದಾಗ. ಸೂಜಿ ತುದಿಗೆ ಕಣ್ಣಿಗೆ ಕಾಣದಷ್ಟು ಹತ್ತಿದ್ರೂ ಸಾಕು, ಮುಂದಿನ ಹಂದಿಗೆ ನಾವs ಕೊಟ್ಟಂಗ ಆಗ್ತದ."

"ಒಣಗಿದ ರಕ್ತ ಆದ್ರ?"

"ಒಣಗಿದ್ರೂ ಸಾಯೂದಿಲ್ಲ ಅದು. ಭಾಳ ದಿನ ಇರ್ತದ."

ಮುಕ್ತಾಬಾಯಿಯ ತೊಡೆಯ ಮೇಲಿದ್ದ ಮರಿಯ ಕಿವಿಯಲ್ಲಿ ಅವಳು ಹಾಕಿದ ಗುರುತು ಇನ್ನೂ ಮಾಯ್ದಿರಲಿಲ್ಲ. ಅಂಚು ಕಪ್ಪಾಗಿ, ಕಿವಿಯೇ ಕೆನ್ನೀಲಿಯಾಗಿತ್ತು. ಅವಳು ಅದನ್ನು ನೋಡುತ್ತಲೇ ಕೂತಳು. ತಲೆಗೆ ಹಾಕಿಕೊಂಡ ನೀರು, ಒಗೆದ ಸೀರೆ, ತಿಕ್ಕಿದ ಚಪ್ಪಲಿ, ಎಲ್ಲವೂ ನೆನಪಾಯಿತು. ಈ ರಕ್ತ ಎಷ್ಟು ದೂರ ಹೋಗಿ, ಯಾವ ಯಂತ್ರ ಹೊಕ್ಕು, ಏನು ಹೇಳುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳು ಇದೇ ಓಣಿಯಲ್ಲಿ, ಇದೇ ಸುಗಂಧಾಳ ಬಾಜೂ ಬಾಳಬೇಕು. ತಾಯಿಯೇ ಮಾರಿಯನ್ನು ತಂದಳೆಂದರೆ ಅತ್ತೆ ಮಾವ ಏನೆಂದಾರು ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಚಾಕು ಒಳಗೆ ಗೋಡೆಯ ಗೂಡಿನಲ್ಲಿತ್ತು, ನಾಳೆ ಸಂತೆ, ಮಯೂರಿ ಮೋರಖಂಡಿಗೆ ಹೊರಡುವವಳು. ಬೇನೆ ಬಿದ್ದ ದೊಡ್ಡಿಯಿಂದ ಹೊರಗೆ ಹೋಗಬೇಡ ಎಂದು ಡಾಕ್ಟರು ತಡೆದರೂ, ಮೋರಖಂಡಿಯವರೇ ಬಂದು ಚಾಕನ್ನಷ್ಟೇ ಕೇಳಿ ಒಯ್ದಾರು. ಯಾರು ಬೇಡವೆನ್ನುತ್ತಾರೆ?

"ಡಾಕ್ಟರಬಾಯಿ, ನಾ ತಂದೀನ್ರಿ" ಎಂದಳು.

ಕಾಗದದ ಮೇಲೆ ಬರೆಯುತ್ತಿದ್ದ ವರ್ಷಾ ತಲೆಯೆತ್ತಿದಳು.

"ಹುಮನಾಬಾದಿನಾಗ ಬ್ಯಾನಿ ಮರಿ ಕಿವಿ ಕೊಯ್ದ ಚಾಕೂಲೇ ಇಲ್ಲೀ ಮರಿದೂ ಕೊಯ್ದೀನಿ. ತೊಳದಿಲ್ಲ. ತೊಳಿಯೂ ಪದ್ಧತಿ ಇಲ್ಲ ನಮ್ಮಾಗ."

ವರ್ಷಾ ಪೆನ್ನು ಕೆಳಗಿಟ್ಟಳು. ತಾನು ಇಲ್ಲಿಂದ ತೆಗೆದುಕೊಂಡು ಹೋದ ಮೊದಲ ರಕ್ತ ಕಿವಿಗೆ ಚಾಕು ಬಿದ್ದ ಮರುದಿನದ್ದು, ಅಷ್ಟು ಬೇಗ ಅದರಲ್ಲಿ ಏನೂ ಸಿಕ್ಕುವುದಿಲ್ಲ ಎಂಬುದು ಅವಳಿಗೆ ಹೊಳೆದಿರಬೇಕು. "ಗುರುತು ಹಾಕ್ರಿ ಅಂದಾಕಿ ನಾನs" ಎಂದಳು ಸಣ್ಣ ದನಿಯಲ್ಲಿ. "ಹ್ಯಾಂಗ ಹಾಕ್ತೀರಿ ಅಂತ ಕೇಳಲಿಲ್ಲ."

ಮಯೂರಿ ಒಳಗೆ ಹೋಗಿ ಚಾಕನ್ನು ಬಟ್ಟೆ ಸಮೇತ ತಂದಳು. ತಾಯಿಯ ಕಡೆ ನೋಡದೆ ಅದನ್ನು ವರ್ಷಾಳ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೋರಖಂಡಿಗೆ ಫೋನು ಹಚ್ಚಿದಳು. "ನಾ ಬರೂದಿಲ್ರಿ. ಚಾಕೂನೂ ಸಿಗೂದಿಲ್ಲ. ಯಾರ ಕಡೇನೂ ಕಿವಿ ಕೊಯ್ಸಬ್ಯಾಡ್ರಿ." ಅಷ್ಟು ಹೇಳಿ ಫೋನು ಇಟ್ಟವಳು ಆಮೇಲೆ ತಾಯಿಯ ಜೊತೆ ಒಂದು ಮಾತೂ ಆಡಲಿಲ್ಲ.

ವರದಿ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಊರಾಚೆ ಜೆಸಿಬಿ ಗುಂಡಿ ತೋಡಿತು. ಸುಣ್ಣದ ಚೀಲಗಳು ಬಂದವು. ಕೊಂದ ಹಂದಿಗಳನ್ನು ಸಾಲಾಗಿ ಮಲಗಿಸಿದ್ದರು. ಯಾವುದು ಯಾರದೆಂದು ಬರೆದುಕೊಳ್ಳಬೇಕು, ಹೇಳಿ ಎಂದಳು ವರ್ಷಾ. ಯಾರೂ ಮುಂದೆ ಬರಲಿಲ್ಲ.

"ಗುರುತು ಹಾಕಿದಾಕಿ ನೀನs" ಎಂದಳು ಸುಗಂಧಾ. "ಹಿಡಿಯಾಕಿನೂ ನೀನs ಆಗು."

ಮುಕ್ತಾಬಾಯಿ ಎದ್ದಳು. ಒಂದೊಂದರ ಹತ್ತಿರ ಕೂತು, ಕಿವಿ ಹಿಡಿದು, ಹೆಸರು ಹೇಳುತ್ತಾ ಹೋದಳು. ಇದು ಸುಗಂಧಾಂದು. ಇದೂ ಸುಗಂಧಾಂದು. ಇದು ಮಯೂರಿದು. ಅವಳ ಕೈ ಒಂದು ಸಲವೂ ತಪ್ಪಲಿಲ್ಲ, ಕೊಯ್ಯುವಾಗ ತಪ್ಪದ ಹಾಗೆಯೇ. ಹೇಳಿದ ಪ್ರತಿಯೊಂದನ್ನೂ ಎಳೆದು ಗುಂಡಿಗೆ ಉರುಳಿಸಿದರು.

ಸಾಲಿನ ಕೊನೆಯಲ್ಲಿ ದೊಡ್ಡ ಹಂದಿಯೊಂದು ಉಳಿದಿತ್ತು. ಅದರ ಕಿವಿಯ ಗುರುತು ಹಳೆಯದು, ಅಂಚು ಮಾಯ್ದು ನುಣ್ಣಗಾಗಿತ್ತು. ಅದು ಹುಮನಾಬಾದಿನ ತನ್ನದೇ ಮನೆಯ ಗುರುತು. ಮುಕ್ತಾಬಾಯಿ ಆ ಕಿವಿಯನ್ನು ಬೆರಳಲ್ಲಿ ಹಿಡಿದು ಕೂತೇಬಿಟ್ಟಳು.

"ಇದು ಯಾರದು ಮಾವಶಿ?" ವರ್ಷಾ ಮೆತ್ತಗೆ ಕೇಳಿದಳು.

ಹಿಂದಿನಿಂದ ಮಯೂರಿ ಉತ್ತರ ಕೊಟ್ಟಳು. ಇಷ್ಟು ದಿನಗಳಲ್ಲಿ ತಾಯಿಯ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ನಂದು ಅಂತ ಬರಕೊಳ್ರಿ. ನಮ್ಮವ್ವ ಕೊಟ್ಟಿದ್ದು."